ಸಾಮೂಹಿಕ ಸೈಕಲ್ ಸವಾರಿಯ ವರ್ಗವಿಚಾರ: ಕಗ್ಗದಾಸಪುರ ಮತದ ಪ್ರಕಾರ

ಪೀಠಿಕೆ: ಭಾನುವಾರ ಬೆಳಗಿನ ಜಾವ ಕಗ್ಗದಾಸಪುರದ ಟೀ ಅಂಗಡಿಯೆದುರು ನೆರೆಯುವ ಹೆಲ್ಮೆಟ್‌ಧಾರಿಗಳೆಲ್ಲ ಒಂದೇ ಕುಲದವರೆಂದು ಹಾಲಿನವನು ನಂಬಿದ್ದಾನೆ. ಅದು ಅಜ್ಞಾನ. ಕ್ಲಬ್ ಶಾಸ್ತ್ರದಲ್ಲಿ ಮೂರು ವರ್ಗಗಳುಂಟು.

ಲಕ್ಷಣ: ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ದಾಟುವವರು 'ಎ'. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಎದುರುಗಾಳಿಯನ್ನು ಅವರ ಪಾಲಿಗೇ ಬಿಡುವುದು ಇವರ ವಿದ್ಯೆ. 25ರ ಆಸುಪಾಸಿನವರು 'ಬಿ'. ಇಳಿಜಾರಿನಲ್ಲಿ ರಾಜಕೀಯ ಚರ್ಚಿಸುತ್ತಾರೆ, ಏರಿನಲ್ಲಿ ಮೌನವ್ರತ. 20ರವರು 'ಸಿ'. ಯಾರನ್ನೂ ದಾರಿಯಲ್ಲಿ ಬಿಟ್ಟುಹೋಗೆವೆಂಬ 'ನೋ ಡ್ರಾಪ್' ಅಭಯ ಇವರಿಗುಂಟು. ಕಟ್ಟಕಡೆಯವರ ಹಿಂದೆ ಪಂಕ್ಚರ್ ಕಿಟ್ ಹೊತ್ತು ಬರುವ 'ಸ್ವೀಪ್' ಇವರ ಕುಲದೈವ. ಹೊಸಕೋಟೆಯ ಮುಂಜಾನೆ ಬಿರಿಯಾನಿ ಇವರ ಪರಮಪದ.

ಆಕ್ಷೇಪ: ವರ್ಗವನ್ನು ನಿರ್ಣಯಿಸುವವರು ಯಾರು? ಸವಾರರೇ. ಆದ್ದರಿಂದ 'ಸಿ'ಗಳು 'ಬಿ'ಯಲ್ಲೂ, 'ಬಿ'ಗಳು 'ಎ'ಯಲ್ಲೂ ಹೆಸರು ಬರೆಸುತ್ತಾರೆ. 'ಎ'ಗಳಿಗೆ ಮೇಲೆ ಜಾಗವಿಲ್ಲದ ಕಾರಣ ಅವರು ಹೊಸ ಸೈಕಲ್ ಕೊಳ್ಳುತ್ತಾರೆ.

ಪ್ರಮಾಣ: ಇದಕ್ಕೆ ಪರೀಕ್ಷೆ ಎರಡು. ಮೊದಲನೆಯದು 1,478 ಮೀಟರ್ ಎತ್ತರದ ನಂದಿಬೆಟ್ಟ. ಕಡಿದಾದ ಏರಿನಲ್ಲಿ ವೇಗ ಕುಸಿಯುವುದರಿಂದ ಇನ್ನೊಬ್ಬರ ಬೆನ್ನಿನ ಮರೆ ಹೆಚ್ಚು ಉಪಯೋಗಕ್ಕೆ ಬಾರದು. ಅವರವರ ದೇಹಭಾರ ಅವರವರಿಗೆ. ತಿರುವು ತಿರುವಿಗೂ ಒಬ್ಬೊಬ್ಬ 'ಎ' ನಿಂತು ಚೈನ್ ಪರೀಕ್ಷಿಸತೊಡಗುತ್ತಾನೆ. ಎರಡನೆಯದು ನಮ್ಮೂರ ರೈಲ್ವೆ ಗೇಟ್. ಅದು ಬಿದ್ದಾಗ ಮೂರೂ ವರ್ಗಗಳ ವೇಗ ಸೊನ್ನೆ. ಉಳಿಯುವ ವ್ಯತ್ಯಾಸ ಇಷ್ಟೇ: 'ಎ' ವಾಚ್ ನಿಲ್ಲಿಸುತ್ತಾನೆ, 'ಬಿ' ಬೈಯುತ್ತಾನೆ, 'ಸಿ' ಬಾಳೆಹಣ್ಣು ಸುಲಿಯುತ್ತಾನೆ.

ಪರಮತ ಪರಿಶೀಲನೆ: 1921ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಗಿ ಈಗ ಬೆಂಗಳೂರಿನಲ್ಲೂ ಬೇರೂರಿರುವ ಬ್ರೆವೆ ಪಂಥದವರು ವರ್ಗವನ್ನೇ ಒಪ್ಪುವುದಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಗಡುವಿನೊಳಗೆ ಮುಟ್ಟಿದವರೆಲ್ಲ ಸಮಾನರು. ಮೊದಲ ಸ್ಥಾನವೆಂಬುದೇ ಇಲ್ಲ. ಪಂಕ್ಚರ್ ಆದರೆ ತಾವೇ ಹಾಕಿಕೊಳ್ಳಬೇಕು, ಸ್ವೀಪ್ ಬರುವುದಿಲ್ಲ. ಇಷ್ಟು ನಿಷ್ಠುರವಾದ ಸಮತೆಯನ್ನು ತಾಳಲಾರದೆ ಹಲವು 'ಎ'ಗಳು ನಂದಿಗೇ ಮರಳುತ್ತಾರೆ.

ಸಿದ್ಧಾಂತ: ಕಾಲಿನ ಬಲವನ್ನು ಅಳೆಯಲು ಬೆಟ್ಟವುಂಟು, ಗಡಿಯಾರವುಂಟು. ಕ್ಲಬ್ಬಿನ ಪಟ್ಟಿ ಅಳೆಯುವುದು ಸವಾರನಿಗೆ ತನ್ನ ಬಗ್ಗೆ ಇರುವ ಅಭಿಪ್ರಾಯವನ್ನು. ಆದಕಾರಣ ಹೊಸಬರಲ್ಲಿ ವಿನಂತಿ: ನಿಮಗೆ ನೀವೇ ಕೊಟ್ಟುಕೊಂಡ ವರ್ಗಕ್ಕಿಂತ ಒಂದು ಮೆಟ್ಟಿಲು ಕೆಳಗೆ ಹೆಸರು ಬರೆಸಿ. ಅಲ್ಲಿ ನೀವೇ ಮುಂದಿರುತ್ತೀರಿ, ಬಿರಿಯಾನಿಯೂ ಬಿಸಿಯಾಗಿ ಸಿಗುತ್ತದೆ.