ಉಳ್ಳಾಲೀಯ ಜಾಲತರ್ಕ ಬಾಲಬೋಧಿನಿ

ಸೂತ್ರ: ಎರಡು ಯಂತ್ರಗಳು ಮಾತಾಡಿಕೊಂಡರೆ ಜಾಲ, ಲೋಕದ ಯಂತ್ರಗಳೆಲ್ಲ ಅದರಲ್ಲಿ ಬಾಯಿ ಹಾಕಿದರೆ ಇಂಟರ್ನೆಟ್.

ವೃತ್ತಿ: ಇಲ್ಲಿ ಮಾತೆಂದರೆ ಸೊನ್ನೆ ಮತ್ತು ಒಂದುಗಳ ಸಾಲು. ಈ ಮಾತು ಅನಾದಿಯೆಂದು ಕೆಲವರು ನಂಬಿದ್ದಾರೆ, ಮುಖ್ಯವಾಗಿ 2000ದ ಬಳಿಕ ಹುಟ್ಟಿದವರು. ಅದು ಅಪಸಿದ್ಧಾಂತ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಕಂಪ್ಯೂಟರೊಂದು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ‘ಲಾಗಿನ್’ ಎಂದು ಹೇಳಹೊರಟಿತು. ಇಂಗ್ಲಿಷಿನ ಐದಕ್ಷರಗಳಲ್ಲಿ ‘ಎಲ್’, ‘ಓ’ ಎರಡೇ ತಲುಪಿದವು. ಅಷ್ಟಕ್ಕೇ ಆಚೆಯದು ಮಗುಚಿಕೊಂಡಿತು. ಆದ್ದರಿಂದ ನೆಟ್ ಬರುವುದಕ್ಕೂ ನೆಟ್ ಹೋಗುವುದಕ್ಕೂ ಜನ್ಮನಕ್ಷತ್ರ ಒಂದೇ. ಭಾರತದ ಜನಸಾಮಾನ್ಯರಿಗೆ ಇದು ದೊರೆತದ್ದು 1995ರ ಆಗಸ್ಟ್ 15ರಂದು.

ಪೋರ್ಚುಗೀಸರನ್ನು ತಡೆದ ಉಳ್ಳಾಲದ ರಾಣಿ ಅಬ್ಬಕ್ಕನೇ ಲೋಕದ ಮೊದಲ ಫೈರ್‌ವಾಲ್ ಎಂದು ಸಾಧಿಸಲು ಈ ಗ್ರಂಥಕಾರನಿಗೆ ಕೈ ತುರಿಸಿದ್ದುಂಟು. ಆದರೆ ಊರಿನ ಶಾಲಾ ವಾರ್ಷಿಕೋತ್ಸವದಿಂದ ಹಿಡಿದು ಶಾಮಿಯಾನ ಅಂಗಡಿಯ ಉದ್ಘಾಟನೆಯ ತನಕ ಆ ತಾಯಿಯನ್ನು ಈಗಾಗಲೇ ಸಾಕಷ್ಟು ದುಡಿಸಲಾಗಿದೆ.

ಇನ್ನು ಜಾಲವನ್ನು ಅರಿಯುವ ಬಗೆ. ಪ್ರಮಾಣಗಳು, ಅಂದರೆ ಅರಿವಿನ ಸಾಧನಗಳು, ಆರು ಎಂದು ಭಾಟ್ಟ ಮೀಮಾಂಸಕರ ಮತ. ನೈಯಾಯಿಕರು ನಾಲ್ಕಕ್ಕೇ ತೃಪ್ತರು. ಅವರ ಮನೆಯಲ್ಲಿ ವೈಫೈ ಇರಲಿಲ್ಲ. ತರ್ಕಗ್ರಂಥಗಳಲ್ಲಿ ಉದಾಹರಣೆಗೆಂದೇ ಹುಟ್ಟಿದ ದೇವದತ್ತ ಇಲ್ಲಿಯೂ ಇದ್ದಾನೆ, ಆದರೆ ಸದ್ಯ ಸೌದಿಯ ಜುಬೈಲಿನಲ್ಲಿದ್ದಾನೆ. ಕಳೆದ ರಜೆಗೆ ಬಂದವನು ತೊಕ್ಕೊಟ್ಟಿನಿಂದ ಕಡಲ ಕಡೆಗೆ ಹೋಗುವ ದಾರಿಯ ತನ್ನ ತಾರಸಿ ಮನೆಯ ಗೇಟಿಗೆ ಕ್ಯಾಮೆರಾ, ಸಿಟೌಟಿಗೆ ಸ್ಮಾರ್ಟ್ ಬಲ್ಬು, ಹಾಲಿಗೆ ರೌಟರ್ ಇಟ್ಟು ಹೋದ. ಮನೆಯಲ್ಲಿರುವುದು ಅಮ್ಮ ಒಬ್ಬರೇ.

ಪ್ರತ್ಯಕ್ಷ: ಇಂಟರ್ನೆಟ್ಟನ್ನು ಕಂಡವರಿಲ್ಲ. ಕಾಣುವುದು ಉಪ್ಪುಗಾಳಿಗೆ ತುಕ್ಕು ಹಿಡಿದ ಕೇಬಲ್ ಕ್ಲಾಂಪು.

ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ, ಹಾಗೆಯೇ ರೌಟರಿನಲ್ಲಿ ಹಸಿರು ದೀಪವಿದ್ದಲ್ಲಿ ನೆಟ್. ಇದು ದುಷ್ಟ ಹೇತು, ಶಾಸ್ತ್ರದಲ್ಲಿ ಸವ್ಯಭಿಚಾರವೆನಿಸಿಕೊಳ್ಳುವುದು. ವೈಫೈಯ ಹಸಿರು ದೀಪ ಹೇಳುವುದು ಇಷ್ಟೇ: ರೌಟರಿಗೂ ಅಮ್ಮನ ಮೊಬೈಲಿಗೂ ಮಾತುಕತೆ ಉಂಟು. ರೌಟರಿಗೂ ಲೋಕಕ್ಕೂ ಮಾತು ಬಿಟ್ಟಿದ್ದರೆ ಅದು ಬೇರೆ ದೀಪದ ವಿಷಯ. ಫೈಬರ್ ತುಂಡಾದಾಗ ಅಲ್ಲೊಂದು ಕೆಂಪು ಮಿನುಗುತ್ತದೆ. ಇನ್ನು, ಹಾಲಿನಲ್ಲಿ ಬರುವ ನೆಟ್ ಅಡಿಗೆಮನೆಯಲ್ಲಿ ಯಾಕೆ ಬರುವುದಿಲ್ಲವೆಂದರೆ ನಡುವೆ ಎರಡು ಕೆಂಪುಕಲ್ಲಿನ ಗೋಡೆಗಳಿವೆ. 5 ಗಿಗಾಹರ್ಟ್ಸ್‌ನ ಅಲೆ ಹೆಚ್ಚು ಡೇಟಾ ಹೊರುತ್ತದೆ, ಗೋಡೆಗೆ ಸೋಲುತ್ತದೆ, 2.4ರದ್ದು ಕಡಿಮೆ ಹೊರುತ್ತದೆ, ನುಸುಳುತ್ತದೆ.

ಉಪಮಾನ: ಈ ಗ್ರಂಥದಲ್ಲಿ ಇದಕ್ಕೆ ಒಂದೇ ಅವಕಾಶ. ಉಳ್ಳಾಲದಿಂದ ಮಂಗಳೂರಿನ ಹಾಲಿಗೆ ಹೊರಟ ಮದುವೆಯ ದಿಬ್ಬಣವೆಂದು ತಿಳಿಯಿರಿ. ನಲವತ್ತು ಜನ ಒಂದೇ ಸಿಟಿ ಬಸ್ಸಿಗೆ ಹಿಡಿಸುವುದಿಲ್ಲ. ನಾಲ್ಕಾಗಿ ಒಡೆದು ಬೇರೆ ಬೇರೆ ಬಸ್ಸು ಹತ್ತುತ್ತಾರೆ. ಈ ತುಂಡುಗಳೇ ಪ್ಯಾಕೆಟ್. ತೊಕ್ಕೊಟ್ಟು ಜಂಕ್ಷನ್ ರೌಟರ್: ಮದುವೆ ಯಾರದೆಂದು ಅದು ಕೇಳುವುದಿಲ್ಲ, ವಿಳಾಸ ನೋಡಿ ನೇತ್ರಾವತಿ ಸೇತುವೆಯ ಕಡೆಗೆ ತಿರುಗಿಸುತ್ತದೆ. ಕೊನೆಗೆ ಹೊರಟವರು ಮೊದಲು ತಲುಪಿದರೂ ಸರಿಯೇ. ಹಾಲಿನ ಬಾಗಿಲಲ್ಲಿ ನಿಂತು ತಲೆ ಎಣಿಸಿ, ಬಾರದವರಿಗೆ ಫೋನು ಮಾಡಿ, ಎಲ್ಲರನ್ನೂ ಸಾಲಾಗಿ ಕೂರಿಸುವ ದೊಡ್ಡಪ್ಪನ ಹೆಸರು ಟಿಸಿಪಿ. ‘ಬಂದವರು ಬಂದರು, ಬಡಿಸಿ’ ಎನ್ನುವ ಚಿಕ್ಕಪ್ಪ ಯುಡಿಪಿ. ವಿಡಿಯೋ ಕಾಲ್ ಸಾಮಾನ್ಯವಾಗಿ ಚಿಕ್ಕಪ್ಪನ ಸುಪರ್ದಿ; ದೇವದತ್ತನ ಹಣೆ ಬಂದು ಗಲ್ಲ ಬಾರದೆ ಉಳಿಯುವುದು ಇದರಿಂದಲೇ.

ಈಗ ಬಲ್ಬಿನ ಅಧಿಕರಣ. ಅಮ್ಮ ಸಿಟೌಟಿನಲ್ಲಿ ಕುಳಿತು ಮೊಬೈಲು ಒತ್ತುತ್ತಾರೆ. ಬಲ್ಬು ಐದಡಿ ಮೇಲಿದೆ. ಆಜ್ಞೆ ಮೊದಲು ರೌಟರಿಗೆ, ಅಲ್ಲಿಂದ ಬೀದಿಯ ಕಂಬಕ್ಕೆ, ಕಂಬದಿಂದ ಕಂಪೆನಿಯ ಕೇಂದ್ರಕ್ಕೆ, ಆಮೇಲೆ ಹೊರದೇಶದ ಸರ್ವರಿಗೆ ಹೋಗುತ್ತದೆ. ಕಡಲಡಿಯ ಅಂತಾರಾಷ್ಟ್ರೀಯ ಕೇಬಲ್ಲುಗಳು ದಡ ಸೇರುವುದು ಮುಖ್ಯವಾಗಿ ಮುಂಬಯಿ, ಕೊಚ್ಚಿ, ಚೆನ್ನೈಗಳಲ್ಲಿ. ಉಳ್ಳಾಲಕ್ಕೂ ಕಡಲಿದೆ, ಆದರೆ ಅದರ ವ್ಯವಹಾರವೆಲ್ಲ ತೆಂಗಿನಮರ, ರಸ್ತೆ, ಮನೆಗಳ ಜೊತೆಗೆ. ಸಿಂಗಾಪುರವೆಂದಿಟ್ಟುಕೊಂಡರೆ ಹೋಗಿಬರಲು ಏನಿಲ್ಲವೆಂದರೂ ಏಳೆಂಟು ಸಾವಿರ ಕಿಲೋಮೀಟರ್. ಅಲ್ಲಿಯ ಸರ್ವರ್ ‘ಉಳ್ಳಾಲದ ಸಿಟೌಟು ಬೆಳಗಲಿ’ ಎಂದು ಅಪ್ಪಣೆ ಕೊಟ್ಟ ಮೇಲೆ ದೀಪ ಹೊತ್ತುತ್ತದೆ.

ಪೂರ್ವಪಕ್ಷ (ಅಮ್ಮನದು): “ಗೋಡೆಯಲ್ಲಿ ಸ್ವಿಚ್ಚು ಉಂಟಲ್ಲ, ಇದೆಲ್ಲ ಎಂತಕ್ಕೆ?”

ಸಿದ್ಧಾಂತ: ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದಾಗಿ ಈ ದಿಗ್ವಿಜಯಕ್ಕೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ತುಸು ಹೆಚ್ಚು ಬೆಲೆಯ ಕೆಲವು ಬಲ್ಬುಗಳು ಮನೆಯೊಳಗೇ ಮಾತು ಮುಗಿಸುವುದೂ ಉಂಟು. ಅಮ್ಮನ ಪ್ರಶ್ನೆಗೆ ಇದು ಉತ್ತರವಲ್ಲವೆಂದು ಆಕ್ಷೇಪಿಸುವವರು ಶಾಸ್ತ್ರಾಧಿಕಾರಿಗಳಲ್ಲ.

ಶಬ್ದ: ಆಪ್ತರ ಮಾತೇ ಪ್ರಮಾಣ. ಕಸ್ಟಮರ್ ಕೇರಿನ ಆಪ್ತವಾಕ್ಯ ಒಂದೇ, ಆಫ್ ಮಾಡಿ ಆನ್ ಮಾಡುವುದು. ಇದು ಬಹಳ ಸಲ ಫಲಿಸುವುದರಿಂದ ಇನ್ನೂ ಯಾರೂ ಖಂಡಿಸಿಲ್ಲ.

ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಇದು ಪ್ರಾಚೀನರ ಉದಾಹರಣೆ. ಅವನ ಅಮ್ಮ ದಿನಕ್ಕೊಂದು ಗಂಟೆ ಯಕ್ಷಗಾನ ನೋಡುವುದು ಬಿಟ್ಟರೆ ಬೇರೇನೂ ನೋಡರು, ಆದರೂ ತಿಂಗಳ ನಡುವೆಯೇ ಡೇಟಾ ಮುಗಿಯುತ್ತದೆ. ಯಾರೋ ರಾತ್ರಿ ಉಣ್ಣುತ್ತಿದ್ದಾರೆ. ಪಾಸ್‌ವರ್ಡ್ ಅಮ್ಮನ ಮೊಬೈಲ್ ನಂಬರೇ ಆಗಿರುವುದರಿಂದ ಪಕ್ಕದ ಮನೆಯ ಯಜ್ಞದತ್ತನ ಮಕ್ಕಳ ಮೇಲೆ ಮೊದಲ ಸಂಶಯ. ಎರಡನೆಯದು ಕ್ಯಾಮೆರಾದ ಮೇಲೆ: ಅದು ಖಾಲಿ ಗೇಟನ್ನು ಹಗಲಿರುಳು ಎಚ್‌ಡಿಯಲ್ಲಿ ಹಿಡಿದು ಕ್ಲೌಡಿಗೆ ಕಳಿಸುತ್ತಿದೆ. ದೂರದಿಂದ ಒಳನುಗ್ಗುವವರ ಮೇಲಿನ ಮೂರನೆಯ ಸಂಶಯವನ್ನು ಹಗುರವಾಗಿ ಕಾಣಬಾರದು. 2016ರಲ್ಲಿ ಮಿರಾಯಿ ಎಂಬ ಮಾಲ್‌ವೇರ್, ಫ್ಯಾಕ್ಟರಿಯಲ್ಲಿ ಇಟ್ಟ ‘ಅಡ್ಮಿನ್’ ಮಾದರಿಯ ಅರವತ್ತಕ್ಕೂ ಹೆಚ್ಚು ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿ ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳ ಒಳಹೊಕ್ಕಿತು. ಅಕ್ಟೋಬರ್ 21ರಂದು ಅಂಥವೆಲ್ಲ ಸೇರಿ, ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪೆನಿಯ ಮೇಲೆ ಮುಗಿಬಿದ್ದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಸಿಗದಾದವು. ಯಜಮಾನರಿಗೆ ಮಾತ್ರ ತಮ್ಮ ಕ್ಯಾಮೆರಾ ಗೇಟು ನೋಡುತ್ತಿದೆ ಎಂದೇ ನಂಬಿಕೆ. ಆದ್ದರಿಂದ ದೇವದತ್ತನು ಪಾಸ್‌ವರ್ಡ್ ಬದಲಿಸತಕ್ಕದ್ದು. (ಇಡೀ ಗ್ರಂಥದಲ್ಲಿ ಉಪಯೋಗಕ್ಕೆ ಬರುವ ವಾಕ್ಯ ಇದೊಂದೇ, ಪ್ರಮಾದವಶಾತ್ ನುಸುಳಿದೆ.)

ಅನುಪಲಬ್ಧಿ: ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂದು ತಿಳಿಯುತ್ತದೆ. ಮೇ ತಿಂಗಳ ಒಂದು ಸಂಜೆ ಜುಬೈಲಿನಲ್ಲಿ ದೇವದತ್ತ ಮೊಬೈಲು ತೆರೆದರೆ ಗೇಟು ಕಾಣಲಿಲ್ಲ. ಕಪ್ಪು ಪರದೆ, ಕೆಳಗೆ ‘ಆಫ್‌ಲೈನ್’. ಇದರಿಂದ ಏನು ತಿಳಿಯಿತು? ಗೇಟಿನ ಅಭಾವವೇ? ಕಳ್ಳನ ಅಭಾವವೇ? ನೆಟ್ಟಿನದೇ? ಕುಮಾರಿಲ ಭಟ್ಟರ ಅನುಯಾಯಿಗಳು ಇಲ್ಲಿ ಸುಮ್ಮನಿದ್ದಾರೆ. ಅವನು ಫೋನು ಮಾಡಿದ.

“ಅಮ್ಮಾ, ಕ್ಯಾಮೆರಾ ಎಂತಾಯ್ತು?”

“ಸಿಡಿಲು ಮಾರಾಯ. ಎಲ್ಲ ಪ್ಲಗ್ಗು ತೆಗೆದಿಟ್ಟಿದ್ದೇನೆ.”

“ಗೇಟು?”

“ಹಾಕಿದ್ದೇನೆ. ನೀನು ಊಟ ಮಾಡಿ ಆಯ್ತಾ?”