ಫೈನಲ್ ತನಕ ಬಹಿಷ್ಕಾರ

(ನವೆಂಬರ್ 2022. ದೆಹಲಿ ಕರ್ನಾಟಕ ಸಂಘದ ಅಂಗಳ. ಕಣ್ಣುರಿಸುವ ಹೊಗೆಮಂಜು.)

ರಾಯರು: ಕತಾರ್ ವಿಶ್ವಕಪ್‌ಗೆ ನನ್ನ ಬಹಿಷ್ಕಾರ ಕಣಯ್ಯ! ಸ್ಟೇಡಿಯಂ ಕಟ್ಟಿದ ಕೂಲಿಗಳ ಶಾಪ ತಟ್ಟುತ್ತೆ.

ಮೂರ್ತಿ: 1982ರ ಏಷ್ಯಾಡ್‌ಗೆ ಹೋಗಿದ್ರಲ್ಲ, ಸಾರ್?

ರಾಯರು: ನೆಹರೂ ಸ್ಟೇಡಿಯಂ, ಮುಂದಿನ ಸಾಲು! ಕೂಟದ ಲಾಂಛನ, ಆನೆಮರಿ ಅಪ್ಪು, ಇನ್ನೂ ಕಣ್ಣಲ್ಲಿದೆ.

ಮೂರ್ತಿ: ಎರಡು ತಿಂಗಳ ಮುಂಚೆಯಷ್ಟೇ ಸುಪ್ರೀಂ ಕೋರ್ಟು, ಏಷ್ಯಾಡ್ ಕೂಲಿಗಳ ಪ್ರಕರಣದಲ್ಲೇ, ಕನಿಷ್ಠ ಕೂಲಿ ಕೊಡದೆ ದುಡಿಸಿದರೆ ಅದು ಬಲವಂತದ ದುಡಿಮೆ ಅಂದಿತ್ತು. ಆಗ ಶಾಪ ತಟ್ಟಲಿಲ್ವಾ?

ರಾಯರು: ನಾನು ಚಪ್ಪಾಳೆ ತಟ್ಟುತ್ತಿದ್ದೆ, ಕೇಳಿಸಲಿಲ್ಲ!

ಮೂರ್ತಿ: ಭಾರತ ಫುಟ್‌ಬಾಲ್ ತಂಡವಂತೂ 1950ರಲ್ಲಿ ಸಿಕ್ಕ ವಿಶ್ವಕಪ್ ಅವಕಾಶ ಬಿಟ್ಟಿದ್ದು, ಇವತ್ತಿಗೂ ವ್ರತ ಮುರಿದಿಲ್ಲ.

ರಾಯರು: ನಾನೂ ದೇಶದ ಹಾದೀಲೇ! ಅಂದಹಾಗೆ, ಮೆಸ್ಸಿ ಮ್ಯಾಚು ಎಷ್ಟು ಗಂಟೆಗೆ?

ಮೂರ್ತಿ: ಬಹಿಷ್ಕಾರ?

ರಾಯರು: ಟಿವಿ ಸದ್ದಡಗಿಸಿ ನೋಡಿದರೆ ಮೈಲಿಗೆಯಿಲ್ಲವಯ್ಯ!