ಬೇಲಿಗೊರಗಿದ ಪದ್ಮಿನಿ

"ಬೆಳಗಾವಿ ಹತ್ತಿರ ಒಂದು ಪ್ರೀಮಿಯರ್ ಪದ್ಮಿನಿ ಸಿಕ್ಕಿದೆ ಕಣೇ. ಬಿಡಿಭಾಗಕ್ಕೆ ತರೋಣ್ವಾ?"

"ಮೈಸೂರಿಂದ ಅಲ್ಲಿಗಾ? ನಮ್ಮದಕ್ಕೆ ಬೇಕಾಗಿರೋದೇನು?"

"ಗ್ರಿಲ್ಲು. ಆ ಸ್ಟೇರಿಂಗ್ ಪಕ್ಕದ ಗೇರ್ ಲಿವರ್ರು."

"ಅಷ್ಟಕ್ಕೆ ಇಡೀ ಕಾರು!"

"2001ರ ಹೊತ್ತಿಗೇ ತಯಾರಿಕೆ ನಿಂತುಹೋಯ್ತಲ್ಲೇ."

"ನೋಡಿದೀರಾ ಅದನ್ನ?"

"ಫೋಟೋ ಬಂದಿದೆ. ಎಡಭಾಗ ಚೆನ್ನಾಗಿದೆ."

"ಬಲಭಾಗ?"

"ಬೇಲಿಗೆ ಒರಗಿದೆ."

"ಬೇಲಿ ತೆಗೆದ್ರೆ ನಿಲ್ಲುತ್ತಾ?"

"ಕೇಳಿಲ್ಲ."

"ಆರ್‌ಸಿ?"

"ಇಲಿ ತಿಂದಿದೆಯಂತೆ. ಗ್ರಿಲ್ಲು ತಿಂದಿಲ್ಲ ಬಿಡು."

"ಲಾರಿ ಬಾಡಿಗೆ?"

"ಕಾರಿನ ಎರಡರಷ್ಟು." (ಹಳೇ ಕಾರಿನ ಭಕ್ತರು ಬಾಡಿಗೆಯನ್ನು ಖರ್ಚಿಗೆ ಸೇರಿಸುವುದಿಲ್ಲ; ಅದು ತೀರ್ಥಯಾತ್ರೆಯ ಲೆಕ್ಕ.)

"ನಿಲ್ಲಿಸೋದೆಲ್ಲಿ?"

"ನಿನ್ನ ತುಳಸಿಕಟ್ಟೆ ಒಂಚೂರು ಸರಿಸಿದ್ರೆ..."

"ಬಸ್ಸಲ್ಲಿ ಹೋಗಿ, ಗ್ರಿಲ್ಲು ಬಿಚ್ಚಿಕೊಂಡು, ಕುಂದಾ ಕಟ್ಟಿಸಿಕೊಂಡು ಬನ್ನಿ."

"ಅವನು ಬಿಡಿಯಾಗಿ ಕೊಡಲ್ವಂತೆ. ಕೊಟ್ರೆ ಪೂರ್ತಿ."

"ಹಾಗಾದ್ರೆ ನಮ್ಮದನ್ನೇ ಅವನಿಗೆ ಕೊಟ್ಟು ಬನ್ನಿ."